ಲಿನಕ್ಸ್ ಮಾಡ್ಯೂಲ್ ಸೆಟ್ಟಿಂಗ್ ಹೇಳಿದ ಮಾತು ಕೇಳ್ತಿಲ್ವಾ? ಟರ್ಮಿನಲ್‌ನಿಂದಲೇ ದೋಷ ಹುಡುಕುವ ಬಗೆ

ವೈಫೈ ಗಳಿಗೆಗೊಮ್ಮೆ ಬಿಟ್ಟು ಹೋಗುತ್ತದೆ. ಹಾಡು ನಿಂತ ಸ್ವಲ್ಪ ಹೊತ್ತಿಗೆ ಸ್ಪೀಕರ್ 'ಟಪ್' ಅನ್ನುತ್ತದೆ. ಎಫ್5 ಒತ್ತಿದರೆ ಪೇಜ್ ರಿಫ್ರೆಶ್ ಆಗುವ ಬದಲು ಕೀಬೋರ್ಡಿನ ಲೈಟ್ ಕಮ್ಮಿಯಾಗುತ್ತದೆ. ನೆಟ್‌ನಲ್ಲಿ ಹುಡುಕಿದರೆ ಯಾರೋ ಒಂದು ಸಾಲು ಕೊಟ್ಟಿರುತ್ತಾರೆ: ಇಂಥ ಮಾಡ್ಯೂಲಿಗೆ ಇಂಥ ಆಪ್ಷನ್ ಹಾಕಿ. (ಮಾಡ್ಯೂಲ್ ಅಂದರೆ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಂಡು, ಹೆಚ್ಚಾಗಿ ಒಂದು ಡ್ರೈವರ್.) ಹಾಕುತ್ತೀರಿ, ರೀಬೂಟ್ ಮಾಡುತ್ತೀರಿ, ಮತ್ತದೇ ಕತೆ.

ಇಂಥ ಕಡೆ ಹೆಚ್ಚಿನವರು ಇನ್ನೊಂದು ಸಾಲು ಹುಡುಕಲು ಹೋಗುತ್ತಾರೆ. ಅದು ಬೇಡ. ಫೈಲಿನಲ್ಲಿ ನೀವು ಬರೆದದ್ದು ಬೇರೆ, ಕರ್ನಲ್ ಈಗ ಹಿಡಿದುಕೊಂಡಿರುವುದು ಬೇರೆ. ಮೊದಲು ಕರ್ನಲ್ಲನ್ನೇ ಕೇಳಿ. ಅರ್ಧಕ್ಕರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಮೂರು ನಾಲ್ಕು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದು ಸಾಮಾನ್ಯವಾಗಿ ತಾನೇ ಬರುತ್ತದೆ.

ಕೈ ಹಾಕುವ ಮೊದಲು

ಬೇರೆ ಊರಿನಲ್ಲಿರುವ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕಿದ್ದೀರಾ? ಹಾಗಿದ್ದರೆ ನೆಟ್‌ವರ್ಕ್ ಮಾಡ್ಯೂಲನ್ನು ಮುಟ್ಟಬೇಡಿ. ಅದನ್ನು ತೆಗೆದ ಕ್ಷಣ ನಿಮ್ಮ ಕನೆಕ್ಷನ್ನೂ ಹೋಯಿತು. ಮತ್ತೆ ಹಾಕಲು ಆ ಮಷೀನಿನ ಎದುರು ಯಾರಾದರೂ ಕೂರಬೇಕಾಗುತ್ತದೆ.

ಡಿಸ್ಕ್ ಮತ್ತು ಫೈಲ್‌ಸಿಸ್ಟಮ್‌ಗೆ ಸೇರಿದ ಮಾಡ್ಯೂಲುಗಳನ್ನು (ಎನ್‌ವಿಎಂಇ, ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್, ಡಿಎಂ_ಕ್ರಿಪ್ಟ್ ಇತ್ಯಾದಿ) ಓಡುತ್ತಿರುವ ಮಷೀನಿನಲ್ಲಿ ಪ್ರಯೋಗಕ್ಕೆ ಇಟ್ಟುಕೊಳ್ಳಬೇಡಿ. 'ಆರ್‌ಎಂಮಾಡ್ -ಎಫ್' ಅಂದರೆ ಬಲವಂತವಾಗಿ ಕಿತ್ತು ಹಾಕುವುದು. ಅದನ್ನು ಹಾಕಿ ಅಂತ ಯಾರಾದರೂ ಸಲಹೆ ಕೊಟ್ಟರೆ ಆ ಪುಟ ಮುಚ್ಚಿ.

ಇನ್ನೊಂದು ಅಭ್ಯಾಸ. ಮಾಡ್ಯೂಲ್ ಲೋಡ್ ಮಾಡುವ ಕಮಾಂಡ್ ಮಾಡ್‌ಪ್ರೋಬ್, ಅದರ ಸೆಟ್ಟಿಂಗ್ ಫೈಲುಗಳು ಮಾಡ್‌ಪ್ರೋಬ್.ಡಿ ಅನ್ನುವ ಫೋಲ್ಡರುಗಳಲ್ಲಿರುತ್ತವೆ. /ಯುಎಸ್‌ಆರ್/ಲಿಬ್/ಮಾಡ್‌ಪ್ರೋಬ್.ಡಿ ಒಳಗಿರುವ ಫೈಲುಗಳನ್ನು ತಿದ್ದಬೇಡಿ. ಅವು ಸಿಸ್ಟಮ್ಮಿನವು, ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ನಿಮ್ಮದೇ ಹೆಸರಿನ ಹೊಸ ಫೈಲ್ ಮಾಡಿ. ಏನಾದರೂ ಎಡವಟ್ಟಾದರೆ ಆ ಒಂದು ಫೈಲ್ ತೆಗೆದರೆ ಸಾಕು.

ಲಕ್ಷಣ: ಫೈಲಿನಲ್ಲಿ ಬರೆದೆ, ಏನೂ ಬದಲಾಗಲಿಲ್ಲ

ಜಾಸ್ತಿ ಜನ ಸಿಕ್ಕಿಕೊಳ್ಳುವುದು ಇಲ್ಲೇ. ಕೀಬೋರ್ಡಿನ ಉದಾಹರಣೆಯನ್ನೇ ಇಟ್ಟುಕೊಳ್ಳೋಣ. ಕೀಕ್ರಾನ್‌ನಂಥ ಕೆಲವು ಕೀಬೋರ್ಡುಗಳು ಲಿನಕ್ಸಿನ ಕಣ್ಣಿಗೆ ಆಪಲ್ ಕೀಬೋರ್ಡಿನಂತೆ ಕಾಣುತ್ತವೆ. ಹಾಗಾಗಿ ಅವನ್ನು ನೋಡಿಕೊಳ್ಳುವುದು ಎಚ್‌ಐಡಿ_ಆಪಲ್ ಅನ್ನುವ ಮಾಡ್ಯೂಲ್. ಅದರಲ್ಲಿ ಎಫ್‌ಎನ್‌ಮೋಡ್ ಅಂತ ಒಂದು ಪ್ಯಾರಾಮೀಟರ್ (ಬದಲಾಯಿಸಬಹುದಾದ ಸೆಟ್ಟಿಂಗ್) ಇದೆ. ಬೆಲೆ 1 ಇದ್ದರೆ ಲೈಟು, ವಾಲ್ಯೂಮ್ ಮುಂತಾದ ಕೆಲಸಗಳು ಮೊದಲು. 2 ಇದ್ದರೆ ಎಫ್1, ಎಫ್2 ಕೀಗಳು ಮೊದಲು. ನಮಗೆ ಬೇಕಿರುವುದು 2.

ಈಗ ಎಷ್ಟಿದೆ ಅಂತ ನೋಡಿ:

ಗ್ರೆಪ್ . /ಸಿಸ್/ಮಾಡ್ಯೂಲ್/ಎಚ್‌ಐಡಿ_ಆಪಲ್/ಪ್ಯಾರಾಮೀಟರ್ಸ್/*

ಆ ಮಾಡ್ಯೂಲಿನ ಪ್ಯಾರಾಮೀಟರುಗಳು, ಅವುಗಳ ಈಗಿನ ಬೆಲೆಗಳು ಸಾಲಾಗಿ ಬರುತ್ತವೆ. ಕೆಲವು ಪ್ಯಾರಾಮೀಟರುಗಳನ್ನು ಬರೆದವರೇ ಮುಚ್ಚಿಟ್ಟಿರುತ್ತಾರೆ, ಅವು ಇಲ್ಲಿ ಕಾಣುವುದಿಲ್ಲ. ಎಫ್‌ಎನ್‌ಮೋಡ್ ಎದುರು 2 ಅಂತಲೇ ಇದೆಯಾ? ಹಾಗಾದರೆ ನಿಮ್ಮ ಸೆಟ್ಟಿಂಗ್ ಹತ್ತಿದೆ, ದೋಷ ಬೇರೆ ಕಡೆ ಇದೆ. ಫೈಲನ್ನು ಮತ್ತೆ ಮತ್ತೆ ತಿದ್ದುತ್ತ ಕೂರಬೇಡಿ. 2 ಅಲ್ಲದೆ ಬೇರೇನೋ ಇದ್ದರೆ ಮುಂದೆ ಓದಿ.

ಅಂಥ ಫೋಲ್ಡರೇ ಇಲ್ಲ ಅಂತ ಬಂದರೆ ಮೊದಲು ಹೆಸರಿನ ಗೆರೆ ನೋಡಿ. ಮಾಡ್ಯೂಲಿನ ಫೈಲ್ ಹೆಸರಿನಲ್ಲಿ ಹೈಫನ್ ಇರಬಹುದು, ಆದರೆ /ಸಿಸ್ ಒಳಗೂ, ಲೋಡ್ ಆಗಿರುವ ಮಾಡ್ಯೂಲುಗಳನ್ನು ತೋರಿಸುವ ಎಲ್‌ಎಸ್‌ಮಾಡ್ ಪಟ್ಟಿಯಲ್ಲೂ ಅದು ಅಂಡರ್‌ಸ್ಕೋರ್ ಆಗಿರುತ್ತದೆ. ಮಾಡ್‌ಪ್ರೋಬ್ ಎರಡನ್ನೂ ಒಪ್ಪುತ್ತದೆ, ಗ್ರೆಪ್ ಒಪ್ಪುವುದಿಲ್ಲ. 'ನನ್ನ ಮಾಡ್ಯೂಲ್ ಲೋಡೇ ಆಗಿಲ್ಲ' ಅನ್ನುವ ಎಷ್ಟೋ ದೂರುಗಳ ಹಿಂದೆ ಈ ಒಂದು ಗೆರೆ ಇರುತ್ತದೆ.

ಎರಡನೆಯದು, ಪ್ಯಾರಾಮೀಟರಿನ ಹೆಸರು ಸರಿ ಇದೆಯಾ? 'ಮಾಡ್‌ಇನ್ಫೊ -ಪಿ ಎಚ್‌ಐಡಿ_ಆಪಲ್' ಅಂತ ಕೊಟ್ಟರೆ ಆ ಮಾಡ್ಯೂಲಿಗೆ ಗೊತ್ತಿರುವ ಹೆಸರುಗಳೆಲ್ಲ ಬರುತ್ತವೆ. ಹಳೇ ಕಾಲದಲ್ಲಿ ತಪ್ಪು ಹೆಸರು ಕೊಟ್ಟರೆ ಮಾಡ್ಯೂಲ್ ಲೋಡೇ ಆಗುತ್ತಿರಲಿಲ್ಲ, ತಪ್ಪು ಕೂಡಲೇ ಗೊತ್ತಾಗುತ್ತಿತ್ತು. 2013ರಲ್ಲಿ ಬಂದ 3.11 ಕರ್ನಲ್‌ನಿಂದ ಈಚೆಗೆ ಹಾಗಿಲ್ಲ. ಗೊತ್ತಿಲ್ಲದ ಹೆಸರನ್ನು ಪಕ್ಕಕ್ಕಿಟ್ಟು ಮಾಡ್ಯೂಲ್ ಸುಮ್ನೆ ಲೋಡ್ ಆಗಿಬಿಡುತ್ತದೆ. ಸುಳಿವು ಉಳಿಯುವುದು ಕರ್ನಲ್ ಲಾಗಿನಲ್ಲಿ ಮಾತ್ರ. 'ಸುಡೊ ಡಿಮೆಸ್ಗ್' (ಸುಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು, ಡಿಮೆಸ್ಗ್ ಅಂದರೆ ಕರ್ನಲ್ ಲಾಗ್ ತೋರಿಸು) ಕೊಟ್ಟು 'ಅನ್‌ನೋನ್ ಪ್ಯಾರಾಮೀಟರ್' ಅನ್ನುವ ಪದ ಹುಡುಕಿ. ಕೊನೆಯಲ್ಲಿ 'ಇಗ್ನೋರ್ಡ್' ಅಂತ ಇದ್ದರೆ ಕಾಗುಣಿತದ್ದೇ ತಪ್ಪು.

ಮೂರನೆಯದು ಫೈಲ್. ಹೆಸರು .ಕಾನ್ಫ್ ಅಂತಲೇ ಮುಗಿಯಬೇಕು. ಟಿಎಕ್ಸ್‌ಟಿ ಅಂತ ಮುಗಿದರೆ, ಅಥವಾ ಬಾಲವೇ ಇಲ್ಲದಿದ್ದರೆ ಅದನ್ನು ಯಾರೂ ಓದುವುದಿಲ್ಲ. ಒಳಗಿನ ಸಾಲು ಹೀಗಿರಬೇಕು:

ಆಪ್ಷನ್ಸ್ ಎಚ್‌ಐಡಿ_ಆಪಲ್ ಎಫ್‌ಎನ್‌ಮೋಡ್=2

ಮೊದಲ ಪದದ ಕೊನೆಗೆ ಎಸ್ ಅಕ್ಷರ ಬೇಕೇ ಬೇಕು. = ಗುರುತಿನ ಆಚೆ ಈಚೆ ಜಾಗ ಬಿಡಬಾರದು. ನೆಟ್‌ನಿಂದ ಕಾಪಿ ಮಾಡಿದಾಗ ನೇರ ಕೋಟಿನ ಬದಲು ಬಾಗಿದ ಕೋಟ್ ಬಂದಿರುತ್ತದೆ, ಅದನ್ನೂ ನೋಡಿ. ಎಲ್ಲ ಸರಿ ಅನ್ನಿಸಿದ ಮೇಲೆ 'ಮಾಡ್‌ಪ್ರೋಬ್ -ಸಿ | ಗ್ರೆಪ್ ಎಚ್‌ಐಡಿ_ಆಪಲ್' ಕೊಡಿ. ಎಲ್ಲ ಫೋಲ್ಡರುಗಳನ್ನೂ ಓದಿ ಮಾಡ್‌ಪ್ರೋಬ್ ಅರ್ಥ ಮಾಡಿಕೊಂಡದ್ದು ಇಲ್ಲಿ ಬರುತ್ತದೆ. ನಿಮ್ಮ ಸಾಲು ಕಾಣದಿದ್ದರೆ ಫೈಲಿನದ್ದೇ ದೋಷ. ಒಂದೇ ಪ್ಯಾರಾಮೀಟರಿಗೆ ಎರಡು ಸಾಲು ಕಂಡರೆ ಬೇರೆ ಫೈಲಿನಲ್ಲೂ ಯಾರೋ ಬರೆದಿದ್ದಾರೆ. ಅಂಥಲ್ಲಿ ಸಾಮಾನ್ಯವಾಗಿ ಕೊನೆಗೆ ಬಂದದ್ದು ಗೆಲ್ಲುತ್ತದೆ.

ಸಾಲು ಕಾಣುತ್ತಿದೆ, ಆದರೂ ಬೆಲೆ ಹಳೆಯದೇ. ಈಗ ನಿಜವಾದ ಕಾರಣಕ್ಕೆ ಬಂದೆವು. ಈ ಫೈಲುಗಳನ್ನು ಓದುವುದು ಮಾಡ್ಯೂಲ್ ಲೋಡ್ ಆಗುವ ಹೊತ್ತಿನಲ್ಲಿ ಮಾತ್ರ. ಈಗಾಗಲೇ ಲೋಡ್ ಆಗಿರುವ ಮಾಡ್ಯೂಲಿಗೆ ಫೈಲ್ ಬರೆಯುವುದು ಊಟ ಮುಗಿದ ಮೇಲೆ ಉಪ್ಪಿನಕಾಯಿ ಬಡಿಸಿದ ಹಾಗೆ. 'ಸುಡೊ ಮಾಡ್‌ಪ್ರೋಬ್ ಎಚ್‌ಐಡಿ_ಆಪಲ್ ಎಫ್‌ಎನ್‌ಮೋಡ್=2' ಅಂತ ನೇರವಾಗಿ ಕೊಟ್ಟರೂ ಅಷ್ಟೇ. ಮಾಡ್ಯೂಲ್ ಮೊದಲೇ ಒಳಗಿದ್ದರೆ ಆ ಕಮಾಂಡ್ ಏನೂ ಮಾಡದೆ, ಎರರ್ ಕೂಡ ಕೊಡದೆ ಮುಗಿಯುತ್ತದೆ. ಆಯ್ತು ಅಂದುಕೊಂಡು ನೀವು ಮುಂದೆ ಹೋಗುತ್ತೀರಿ. ಅದರ ಬಾಯಿ ಬಿಡಿಸಬೇಕಾದರೆ --ಫಸ್ಟ್-ಟೈಮ್ ಅನ್ನುವ ಆಪ್ಷನ್ ಸೇರಿಸಿ. ಆಗ 'ಇದು ಮೊದಲೇ ಇದೆ' ಅಂತ ದೂರುತ್ತದೆ.

ಪರಿಹಾರ, ಮಾಡ್ಯೂಲ್ ತೆಗೆದು ಮತ್ತೆ ಹಾಕುವುದು (ಹೇಗೆ ಅಂತ ಕೆಳಗೆ 'ಇನ್ ಯೂಸ್' ಭಾಗದಲ್ಲಿದೆ) ಅಥವಾ ರೀಬೂಟ್.

ಲಕ್ಷಣ: ರೀಬೂಟ್ ಆದ ಮೇಲೂ ಹಳೆಯದೇ, ಕೈಯಿಂದ ತೆಗೆದು ಮತ್ತೆ ಹಾಕಿದರೆ ಮಾತ್ರ ಸರಿ

ಇದು ಇನಿಟ್‌ರಾಮ್‌ಎಫ್‌ಎಸ್ ಕೆಲಸ. ಡಿಸ್ಕ್ ಇನ್ನೂ ತೆರೆಯದ ಹೊತ್ತಿನಲ್ಲಿ ಬೂಟ್ ಮಾಡಲು ಬೇಕಾದ ಸಾಮಾನೆಲ್ಲ ಕಟ್ಟಿಟ್ಟ ಒಂದು ಸಣ್ಣ ಗಂಟು ಅದು. ಕೀಬೋರ್ಡ್ ಮಾಡ್ಯೂಲುಗಳು ಅದರೊಳಗೇ ಇರುತ್ತವೆ. ಇರಲೇಬೇಕು, ಇಲ್ಲದಿದ್ದರೆ ಡಿಸ್ಕ್ ಪಾಸ್‌ವರ್ಡ್ ಟೈಪ್ ಮಾಡುವುದು ಹೇಗೆ? ಆ ಗಂಟಿನೊಳಗೆ /ಇಟಿಸಿ/ಮಾಡ್‌ಪ್ರೋಬ್.ಡಿಯ ಹಳೇ ನಕಲು ಇರುತ್ತದೆ. ನೀವು ನಿನ್ನೆ ಬರೆದ ಸಾಲು ಅದಕ್ಕೆ ಗೊತ್ತೇ ಇಲ್ಲ.

ಹಾಗಾಗಿ ಗಂಟನ್ನು ಮತ್ತೆ ಕಟ್ಟಬೇಕು. ಉಬುಂಟು, ಡೆಬಿಯನ್‌ನಲ್ಲಿ 'ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು'. ಫೆಡೋರಾದಲ್ಲಿ 'ಸುಡೊ ಡ್ರಾಕಟ್ -ಎಫ್'. ಆರ್ಚ್‌ನಲ್ಲಿ 'ಸುಡೊ ಎಂಕೆಇನಿಟ್‌ಸಿಪಿಐಒ -ಪಿ', ಇಲ್ಲಿ ಪಿ ಮಾತ್ರ ದೊಡ್ಡಕ್ಷರ. ಇದು ಓಡುವಾಗ ಮಧ್ಯದಲ್ಲಿ ನಿಲ್ಲಿಸಬೇಡಿ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲ, ಹೊರಗೆ ಮಳೆ ಗುಡುಗು, ಕರೆಂಟ್ ಹೋಗಿ ಬಂದು ಮಾಡುತ್ತಿದೆ ಅಂದರೆ ಈ ಕೆಲಸ ನಾಳೆಗಿರಲಿ. ಅರ್ಧ ಬರೆದ ಗಂಟಿನಿಂದ ಮಷೀನ್ ಏಳುವುದಿಲ್ಲ.

ಹಾಗೆ ಮಾಡಿಯೂ ಹತ್ತದಿದ್ದರೆ 'ಮಾಡ್‌ಇನ್ಫೊ' ಮುಂದೆ ಮಾಡ್ಯೂಲಿನ ಹೆಸರು ಕೊಟ್ಟು ಫೈಲ್‌ನೇಮ್ ಅನ್ನುವ ಸಾಲು ನೋಡಿ. ಅಲ್ಲಿ ಫೈಲಿನ ದಾರಿಯ ಬದಲು 'ಬಿಲ್ಟ್‌ಇನ್' ಅಂತ ಇದ್ದರೆ ಅದು ಬಿಡಿ ಮಾಡ್ಯೂಲ್ ಅಲ್ಲ, ಕರ್ನಲ್ಲಿನ ಮೈಯಲ್ಲೇ ಸೇರಿಹೋಗಿದೆ. ಅದಕ್ಕೆ ಮಾಡ್‌ಪ್ರೋಬ್ ಫೈಲುಗಳ ಹಂಗೇ ಇಲ್ಲ. ಉಬುಂಟುವಿನಲ್ಲಿ ಯುಎಸ್‌ಬಿಕೋರ್ ಹೀಗೆ. ಮೌಸ್ ಎರಡು ಸೆಕೆಂಡ್ ಸುಮ್ಮನಿದ್ದರೆ ನಿದ್ದೆ ಹೋಗುತ್ತಿದೆ ಅಂತ ಅದರ ಆಟೊಸಸ್ಪೆಂಡ್ ಬೆಲೆಯನ್ನು ಫೈಲಿನಲ್ಲಿ ಎಷ್ಟು ಬರೆದರೂ ನೀರಿನ ಮೇಲೆ ಬರೆದಂತೆಯೇ. ಇಂಥದ್ದನ್ನು ಕರ್ನಲ್ ಕಮಾಂಡ್ ಲೈನಿನಲ್ಲಿ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸಾಲಿನಲ್ಲಿ), ಮಾಡ್ಯೂಲಿನ ಹೆಸರು, ಚುಕ್ಕಿ, ಪ್ಯಾರಾಮೀಟರ್ ಎಂಬ ಕ್ರಮದಲ್ಲಿ ಕೊಡಬೇಕು:

ಯುಎಸ್‌ಬಿಕೋರ್.ಆಟೊಸಸ್ಪೆಂಡ್=-1

ಉಬುಂಟುವಿನಲ್ಲಿ ಇದನ್ನು /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನ ಕಮಾಂಡ್‌ಲೈನ್ ಸಾಲಿನಲ್ಲಿ, ಕೋಟಿನ ಒಳಗೆ, ಇರುವುದರ ಕೊನೆಗೆ ಸೇರಿಸಿ 'ಸುಡೊ ಅಪ್‌ಡೇಟ್-ಗ್ರಬ್' ಓಡಿಸಿ. ಫೆಡೋರಾದವರಿಗೆ ಗ್ರಬಿ ಅನ್ನುವ ಕಮಾಂಡ್ ಇದೆ. ಗ್ರಬ್ ಫೈಲ್ ತಿದ್ದುವ ಮೊದಲು ಅದರ ಒಂದು ನಕಲು ಇಟ್ಟುಕೊಳ್ಳಿ.

ಲಕ್ಷಣ: ಸುಡೊ ಹಾಕಿದರೂ 'ಪರ್ಮಿಷನ್ ಡಿನೈಡ್'

ಕೆಲವು ಪ್ಯಾರಾಮೀಟರುಗಳನ್ನು ಓಡುವಾಗಲೇ ಬದಲಾಯಿಸಬಹುದು. ಫೈಲಿಗೆ ಬರೆಯುವ ಮೊದಲು ಹೀಗೆ ಪರೀಕ್ಷೆ ಮಾಡುವುದೇ ಒಳ್ಳೆಯದು. ಎಡವಟ್ಟಾದರೆ ರೀಬೂಟ್ ಮಾಡಿದರೆ ಹಳೆಯದಕ್ಕೆ ಬರುತ್ತದೆ. ಆದರೆ 'ಸುಡೊ ಎಕೊ 0 > ಫೈಲ್' ಅಂತ ಕೊಟ್ಟರೆ ಒಪ್ಪುವುದಿಲ್ಲ. ಸುಡೊ ಅಧಿಕಾರ ಸಿಗುವುದು ಎಕೊಗೆ. > ಗುರುತಿನ ಆಚೆ ಫೈಲ್ ತೆರೆಯುವುದು ನಿಮ್ಮ ಶೆಲ್ (ಟರ್ಮಿನಲ್ಲಿನಲ್ಲಿ ಕಮಾಂಡ್ ಓದುವ ಪ್ರೋಗ್ರಾಂ), ಅದಕ್ಕೆ ಅಧಿಕಾರ ಇಲ್ಲ. ಹೀಗೆ ಕೊಡಿ:

ಎಕೊ 0 | ಸುಡೊ ಟೀ /ಸಿಸ್/ಮಾಡ್ಯೂಲ್/ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್/ಪ್ಯಾರಾಮೀಟರ್ಸ್/ಪವರ್_ಸೇವ್

ಹಾಡು ನಿಂತ ಮೇಲೆ ಸ್ಪೀಕರ್ ಟಪ್ ಅನ್ನುವುದಕ್ಕೆ ಮದ್ದು ಇದೇ. ಸೌಂಡ್ ಚಿಪ್ ಕರೆಂಟ್ ಉಳಿಸಲು ಮಲಗಿ ಏಳುವಾಗಿನ ಸದ್ದು ಅದು, 0 ಅಂದರೆ ಮಲಗಬೇಡ ಅಂತ. ಬ್ಯಾಟರಿ ಕೊಂಚ ಬೇಗ ಇಳಿಯುತ್ತದೆ.

ಟೀ ಬಳಸಿದರೂ ನಿರಾಕರಿಸಿದರೆ 'ಎಲ್‌ಎಸ್ -ಎಲ್' ಕೊಟ್ಟು ಆ ಪ್ಯಾರಾಮೀಟರ್ ಫೈಲಿನ ಎದುರು ಡಬ್ಲ್ಯೂ ಅಕ್ಷರ ಇದೆಯಾ ನೋಡಿ. ಇಲ್ಲದಿದ್ದರೆ ಅದು ಓದಲು ಮಾತ್ರ. ಇಂಟೆಲ್ ವೈಫೈನ ಐಡಬ್ಲ್ಯೂಎಲ್‌ವೈಫೈ ಮಾಡ್ಯೂಲಿನ 11ಎನ್_ಡಿಸೇಬಲ್ ಈ ಜಾತಿಯದು. ಸಿಎಚ್‌ಮಾಡ್ ಮಾಡಿ ಬಲವಂತ ಮಾಡಲು ಹೋಗಬೇಡಿ, ಮಾಡ್ಯೂಲ್ ತೆಗೆದು ಮತ್ತೆ ಹಾಕುವುದೊಂದೇ ದಾರಿ.

ಲಕ್ಷಣ: ಬೂಟ್ ಆದಾಗ ಸರಿ ಇರುತ್ತದೆ, ಆಮೇಲೆ ತಾನೇ ಬದಲಾಗುತ್ತದೆ

ಚಾರ್ಜರ್ ಕಿತ್ತಾಗ ಬದಲಾಗುತ್ತದಾ? ಟಿಎಲ್‌ಪಿ ಅನ್ನುವ ಬ್ಯಾಟರಿ ಉಳಿಸುವ ಪ್ರೋಗ್ರಾಂ ಹಾಕಿಕೊಂಡಿದ್ದೀರಾ ನೋಡಿ. ಸೌಂಡಿನ ಪವರ್_ಸೇವ್ ಬೆಲೆಯನ್ನು ಅದು ಬರೆಯುತ್ತದೆ, ನಿಮ್ಮ ಫೈಲ್ ಏನೇ ಹೇಳಲಿ. ವೈಫೈ ವಿಷಯದಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ತನ್ನದೇ ಪವರ್‌ಸೇವ್ ಸೆಟ್ಟಿಂಗ್ ಇಟ್ಟುಕೊಂಡಿರುತ್ತದೆ. ಉಬುಂಟುವಿನಲ್ಲಿ ಅದಕ್ಕೆಂದೇ /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಕಾನ್ಫ್.ಡಿ (ಇಲ್ಲಿ ಎನ್, ಎಂ ದೊಡ್ಡಕ್ಷರ) ಒಳಗೆ ಒಂದು ಫೈಲ್ ಇರುತ್ತದೆ, ಬೆಲೆ 3 ಅಂದರೆ ಆನ್, 2 ಅಂದರೆ ಆಫ್. ಮೇಲಿನವರು (ಇಂಥ ಪ್ರೋಗ್ರಾಂಗಳು) ಮುಟ್ಟುವ ಸೆಟ್ಟಿಂಗನ್ನು ಮೇಲಿನವರ ಫೈಲಿನಲ್ಲೇ ಬದಲಾಯಿಸಿ. ಕೆಳಗೆ ಮಾಡ್ಯೂಲಿನಲ್ಲಿ ಗುದ್ದಾಡಿ ಪ್ರಯೋಜನವಿಲ್ಲ.

ಲಕ್ಷಣ: ತೆಗೆಯಲು ಹೋದರೆ 'ಇನ್ ಯೂಸ್'

ಹೆದರಬೇಕಾದ ಎರರ್ ಅಲ್ಲ. ಎಲ್‌ಎಸ್‌ಮಾಡ್ ಪಟ್ಟಿಯ ಮೂರನೇ ಕಾಲಮ್ ಎಷ್ಟು ಜನ ಹಿಡಿದಿದ್ದಾರೆ ಅನ್ನುವುದು, ಅದರ ಪಕ್ಕದಲ್ಲಿರುವುದು ಹಿಡಿದಿರುವ ಮಾಡ್ಯೂಲುಗಳ ಹೆಸರು. ಐಡಬ್ಲ್ಯೂಎಲ್‌ವೈಫೈ ಪಕ್ಕದಲ್ಲಿ ಸಾಮಾನ್ಯವಾಗಿ ಐಡಬ್ಲ್ಯೂಎಲ್‌ಎಂವಿಎಂ ಇರುತ್ತದೆ. ಮೊದಲು ಮೇಲಿರುವುದನ್ನು ತೆಗೆಯಬೇಕು:

ಸುಡೊ ಮಾಡ್‌ಪ್ರೋಬ್ -ಆರ್ ಐಡಬ್ಲ್ಯೂಎಲ್‌ಎಂವಿಎಂ && ಸುಡೊ ಮಾಡ್‌ಪ್ರೋಬ್ ಐಡಬ್ಲ್ಯೂಎಲ್‌ವೈಫೈ

ಎರಡನ್ನೂ ಒಂದೇ ಸಾಲಿನಲ್ಲಿ ಕೊಟ್ಟರೆ ವೈಫೈ ಹೋಗಿ ತಾನೇ ಬರುತ್ತದೆ. ಹೊಸ ಕಾರ್ಡುಗಳಲ್ಲಿ ಮೇಲಿನ ಮಾಡ್ಯೂಲಿನ ಹೆಸರು ಬೇರೆ ಇರಬಹುದು, ನಿಮ್ಮ ಪಟ್ಟಿಯಲ್ಲಿ ಏನಿದೆಯೋ ಅದನ್ನೇ ಹಾಕಿ. ಸಂಖ್ಯೆ ಇದೆ, ಆದರೆ ಪಕ್ಕದಲ್ಲಿ ಹೆಸರಿಲ್ಲ ಅಂದರೆ ಹಿಡಿದಿರುವುದು ಇನ್ನೊಂದು ಮಾಡ್ಯೂಲ್ ಅಲ್ಲ, ಯಾವುದೋ ಪ್ರೋಗ್ರಾಂ. ಸೌಂಡ್ ಮತ್ತು ಗ್ರಾಫಿಕ್ಸ್‌ನಲ್ಲಿ ಹೀಗೆ ಆಗುತ್ತದೆ. ಅದನ್ನು ಬೆನ್ನಟ್ಟುವುದಕ್ಕಿಂತ ರೀಬೂಟ್ ಮಾಡುವುದು ಸುಲಭ.

ಲಕ್ಷಣ: ಬ್ಲ್ಯಾಕ್‌ಲಿಸ್ಟ್ ಮಾಡಿದರೂ ಬಂದು ಕೂರುತ್ತದೆ

ಬ್ಲ್ಯಾಕ್‌ಲಿಸ್ಟ್ ಸಾಲು ತಡೆಯುವುದು ಒಂದನ್ನೇ: ಹಾರ್ಡ್‌ವೇರ್ ಕಂಡ ಕೂಡಲೇ ತಾನಾಗಿ ಲೋಡ್ ಆಗುವುದನ್ನು. ಇನ್ನೊಂದು ಮಾಡ್ಯೂಲಿಗೆ ಅದು ಬೇಕಾದರೆ ಅದರ ಜೊತೆಗೆ ಬರುತ್ತದೆ. ಯಾರಾದರೂ ಹೆಸರು ಹಿಡಿದು ಕರೆದರೂ ಬರುತ್ತದೆ. ಪೂರ್ತಿ ಬಾಗಿಲು ಹಾಕಬೇಕಾದರೆ 'ಇನ್ಸ್ಟಾಲ್', ಮಾಡ್ಯೂಲಿನ ಹೆಸರು, ಆಮೇಲೆ /ಬಿನ್/ಫಾಲ್ಸ್ ಅಂತ ಒಂದು ಸಾಲು ಬರೆಯಿರಿ. ಅಂದರೆ, ಕರೆದಾಗ ಲೋಡ್ ಮಾಡುವ ಬದಲು ಸೋತೆ ಅಂತ ಹೇಳು. ಇದಕ್ಕೂ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಬೇಕು. ಗ್ರಾಫಿಕ್ಸ್ ಮಾಡ್ಯೂಲಿಗೆ ಇದನ್ನು ಮಾಡುವ ಮುನ್ನ ಬದಲಿ ಡ್ರೈವರ್ ಕೆಲಸ ಮಾಡುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ.

ಲಕ್ಷಣ: ಮಾಡ್ಯೂಲೇ ಲೋಡ್ ಆಗುತ್ತಿಲ್ಲ

ಎರರ್ ಏನು ಹೇಳುತ್ತದೋ ಅದನ್ನು ಅಕ್ಷರ ಬಿಡದೆ ಓದಿ.

'ನಾಟ್ ಫೌಂಡ್' ಅಂದರೆ ಈಗ ಓಡುತ್ತಿರುವ ಕರ್ನಲ್ಲಿನ ಫೋಲ್ಡರಿನಲ್ಲಿ ಆ ಫೈಲ್ ಇಲ್ಲ. ಕರ್ನಲ್ ಅಪ್‌ಡೇಟ್ ಆಗಿ ನೀವು ರೀಬೂಟ್ ಮಾಡಿಲ್ಲದಿದ್ದರೆ ಹೀಗಾಗಬಹುದು, ಆರ್ಚ್‌ನಲ್ಲಂತೂ ಮಾಮೂಲು. 'ಯುನೇಮ್ -ಆರ್' ಹೇಳುವ ನಂಬರಿನ ಫೋಲ್ಡರ್ /ಲಿಬ್/ಮಾಡ್ಯೂಲ್ಸ್ ಒಳಗೆ ಇದೆಯಾ ನೋಡಿ. ಎನ್‌ವಿಡಿಯಾ ಥರದ ಹೊರಗಿನ ಡ್ರೈವರ್ ಆದರೆ 'ಡಿಕೆಎಂಎಸ್ ಸ್ಟೇಟಸ್' ಕೊಡಿ, ಹೊರಗಿನ ಮಾಡ್ಯೂಲುಗಳನ್ನು ಪ್ರತಿ ಕರ್ನಲ್ಲಿಗೂ ಬಿಲ್ಡ್ ಮಾಡುವುದು ಡಿಕೆಎಂಎಸ್. ಹೊಸ ಕರ್ನಲ್ಲಿನ ಹೆಡರ್ ಪ್ಯಾಕೇಜ್ ಇಲ್ಲದೆ ಬಿಲ್ಡ್ ನಿಂತಿರುತ್ತದೆ.

'ಅನ್‌ನೋನ್ ಸಿಂಬಲ್' ಬಂದರೆ ನೀವು ಇನ್ಸ್‌ಮಾಡ್ ಬಳಸಿರಬೇಕು. ಅದು ಬೇಕಾದ ಬೇರೆ ಮಾಡ್ಯೂಲುಗಳನ್ನು ತರುವುದಿಲ್ಲ, ಮಾಡ್‌ಪ್ರೋಬ್ ತರುತ್ತದೆ. ಹೊಸ ಮಾಡ್ಯೂಲ್ ಫೈಲ್ ಕೈಯಿಂದ ಇಟ್ಟಿದ್ದರೆ ಮೊದಲು 'ಸುಡೊ ಡೆಪ್‌ಮಾಡ್ -ಎ' ಓಡಿಸಿ. 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಅಂದರೆ ಹೆಚ್ಚಾಗಿ ಬೇರೆ ಕರ್ನಲ್ಲಿಗೆ ಬಿಲ್ಡ್ ಆದ ಫೈಲ್.

'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅಂದರೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ವ್ಯವಸ್ಥೆ) ಆನ್ ಇದೆ, ಮಾಡ್ಯೂಲಿಗೆ ಅದು ನಂಬುವ ಸಹಿ ಇಲ್ಲ. 'ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್' ಕೊಟ್ಟು ಖಾತ್ರಿ ಮಾಡಿಕೊಳ್ಳಿ. ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ನಾನು ಅದನ್ನು ಕೊಡುವುದಿಲ್ಲ. ಅದೇ ಮಷೀನಿನಲ್ಲಿ ವಿಂಡೋಸ್ ಇದ್ದು ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಆನ್ ಇದ್ದರೆ, ಮುಂದಿನ ಸಲ ಅದು ರಿಕವರಿ ಕೀ ಕೇಳಬಹುದು. ಆ ಕೀ ಎಲ್ಲಿದೆ ಅಂತ ಗೊತ್ತಿಲ್ಲದವರೇ ಜಾಸ್ತಿ, ಅಲ್ವಾ? ಮಾಡ್ಯೂಲಿಗೆ ಸಹಿ ಹಾಕಿ ಆ ಸಹಿಯ ಕೀಯನ್ನು ಮೋಕ್‌ಗೆ (ಮಷೀನಿನ ಒಡೆಯರು ನಂಬುವ ಕೀಗಳ ಪಟ್ಟಿಗೆ) ಸೇರಿಸುವುದು ಸರಿಯಾದ ದಾರಿ. ಉಬುಂಟು ಡ್ರೈವರ್ ಇನ್‌ಸ್ಟಾಲ್ ಮಾಡುವಾಗ ಪಾಸ್‌ವರ್ಡ್ ಕೇಳುವುದು ಇದಕ್ಕೇ. ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್ ಮೋಕ್' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ನೀಲಿ ಪರದೆ ನೋಡಿ ಗಾಬರಿಯಾಗಿ ಎಂಟರ್ ಒತ್ತಿ ದಾಟಿದರೆ ಸೇರ್ಪಡೆ ಆಗುವುದಿಲ್ಲ.

ಲಕ್ಷಣ: ಸೆಟ್ಟಿಂಗ್ ಹಾಕಿದ ಮೇಲೆ ಸ್ಕ್ರೀನ್ ಕಪ್ಪು

ಮಷೀನ್ ಸತ್ತಿಲ್ಲ. ಆನ್ ಮಾಡುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿ ಗ್ರಬ್ ಮೆನುಗೆ ಬನ್ನಿ. ಮೊದಲು ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೇ ಕರ್ನಲ್ ಆರಿಸಿ ನೋಡಿ, ಅದರ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ನಿಮ್ಮ ಹೊಸ ಸಾಲು ಇಲ್ಲದಿರಬಹುದು. ಆಗದಿದ್ದರೆ ಮೆನುವಿನಲ್ಲಿ ಇ ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ ಇದನ್ನು ಸೇರಿಸಿ:

ಸಿಸ್ಟಮ್‌ಡಿ.ಯುನಿಟ್=ರೆಸ್ಕ್ಯೂ.ಟಾರ್ಗೆಟ್

ಕಂಟ್ರೋಲ್ ಎಕ್ಸ್ ಒತ್ತಿದರೆ ಬೂಟ್ ಆಗುತ್ತದೆ. ತೊಂದರೆ ಕೊಡುವ ಮಾಡ್ಯೂಲ್ ಯಾವುದು ಅಂತ ಗೊತ್ತಿದ್ದರೆ ಅದೇ ಜಾಗದಲ್ಲಿ 'ಮಾಡ್ಯೂಲ್_ಬ್ಲ್ಯಾಕ್‌ಲಿಸ್ಟ್=' ಮುಂದೆ ಅದರ ಹೆಸರು ಕೊಡಬಹುದು. ಇಲ್ಲಿ ಮಾಡಿದ್ದು ಆ ಒಂದು ಬೂಟಿಗೆ ಮಾತ್ರ. ಒಳಗೆ ಹೋದ ಮೇಲೆ ನಿಮ್ಮ ಫೈಲ್ ತೆಗೆದು, ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ, ರೀಬೂಟ್ ಮಾಡಿ.

ಎಲ್ಲಿ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ರೆಸ್ಕ್ಯೂಗೂ ಹೋಗುತ್ತಿಲ್ಲ ಅಂದರೆ ನಿಲ್ಲಿಸಿ. ಡಿಮೆಸ್ಗ್‌ನಲ್ಲಿ 'ಐ/ಒ ಎರರ್' ಸಾಲುಗಳು ಬರುತ್ತಿದ್ದರೂ ನಿಲ್ಲಿಸಿ. ಅದು ಸೆಟ್ಟಿಂಗಿನ ತೊಂದರೆ ಅಲ್ಲ, ಡಿಸ್ಕ್ ಕೈ ಕೊಡುತ್ತಿರಬಹುದು, ಮೊದಲು ಡೇಟಾ ಬ್ಯಾಕಪ್ ಮಾಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಸೆಕ್ಯೂರ್ ಬೂಟ್ ಹಂತಕ್ಕೆ ಬರುವ ಮೊದಲೇ ಐಟಿಯವರನ್ನು ಕೇಳಿ.

ಕೇಳುವಾಗ 'ವೈಫೈ ಬರ್ತಿಲ್ಲ' ಅಂತಷ್ಟೇ ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ. ಡಿಸ್ಟ್ರೊ ಹೆಸರು, ಯುನೇಮ್ -ಆರ್, ಮಾಡ್‌ಪ್ರೋಬ್ -ಸಿಯಲ್ಲಿ ಕಂಡ ನಿಮ್ಮ ಸಾಲು, /ಸಿಸ್‌ನಲ್ಲಿ ಕಂಡ ಈಗಿನ ಬೆಲೆ, ಆ ಮಾಡ್ಯೂಲಿನ ಹೆಸರಿರುವ ಡಿಮೆಸ್ಗ್ ಸಾಲುಗಳು, ಇಷ್ಟನ್ನು ಕೊಡಿ. ಫೋಟೊ ಬೇಡ, ಟೆಕ್ಸ್ಟ್ ಆಗಿ ಹಾಕಿ. ಹಾಕುವ ಮುಂಚೆ ಲಾಗಿನಲ್ಲಿರುವ ಮ್ಯಾಕ್ ವಿಳಾಸ, ಸೀರಿಯಲ್ ನಂಬರ್, ಮಷೀನಿನ ಹೆಸರು ಅಳಿಸಿಬಿಡಿ.